ಕಳ್ಳನಿಗೆ ಬರೀ ಫೋನ್ ಸಿಗಲಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೊಸ ಮೊಬೈಲ್ ತೆಗೆದುಕೊಂಡೆಯಂತೆ, ಸಂತೋಷ. ಕವರ್ರು, ಗಾಜು ಎಲ್ಲಾ ಹಾಕಿಸಿರುತ್ತೀಯ. ಕಳವಾದರೆ ಏನು ಗತಿ ಅಂತ ಯೋಚಿಸಿದ್ದೀಯಾ? ನಾನಂತೂ ಯೋಚಿಸಿರಲಿಲ್ಲ. ಕೆಲವು ವರ್ಷದ ಹಿಂದೆ ಬಸ್ಸಿನಲ್ಲಿ ನನ್ನ ಫೋನ್ ಹೋಯಿತಲ್ಲ, ಪದೇ ಪದೇ ಒತ್ತುವುದು ಯಾಕೆ ಅಂತ ಅದಕ್ಕೆ ಲಾಕೇ ಹಾಕಿರಲಿಲ್ಲ. ದುಡ್ಡು ಹೋದ ಬೇಜಾರು ಒಂದು ವಾರದಲ್ಲಿ ಮುಗಿಯಿತು. ನಿನ್ನ ದೊಡ್ಡಮ್ಮನ ಆಸ್ಪತ್ರೆ ಕಾಗದಗಳ ಫೋಟೋಗಳನ್ನು ಯಾರೋ ಕೂತು ನೋಡುತ್ತಿರಬಹುದು ಅನ್ನುವ ಯೋಚನೆ ಮಾತ್ರ ತಿಂಗಳುಗಟ್ಟಲೆ ನಿದ್ದೆ ಕೆಡಿಸಿತು.

'ಈಗಿನ ಫೋನ್‌ಗಳಲ್ಲಿ ಎನ್‌ಕ್ರಿಪ್ಷನ್ ಇದ್ದೇ ಇರುತ್ತದೆ ದೊಡ್ಡಪ್ಪ' ಅನ್ನುತ್ತೀಯ, ಅಂದರೆ ಒಳಗಿರುವುದನ್ನೆಲ್ಲಾ ಬೀಗದ ಕೈ ಇಲ್ಲದವರು ಓದಲಾಗದ ಹಾಗೆ ಗುಪ್ತಲಿಪಿಯಲ್ಲಿ ಇಡುವ ವ್ಯವಸ್ಥೆ. ನಿಜ. 2019ರಲ್ಲಿ ಬಂದ ಆಂಡ್ರಾಯ್ಡ್ 10 ಅಥವಾ ಅದರ ನಂತರದ್ದನ್ನು ಹಾಕಿಕೊಂಡೇ ಮಾರುಕಟ್ಟೆಗೆ ಬಂದ ಫೋನ್‌ಗಳಿಗೆ ಅದು ಕಡ್ಡಾಯ. ಐಫೋನ್‌ನಲ್ಲಿ ಪಾಸ್‌ಕೋಡ್ ಇಟ್ಟರೆ ಸಾಕು. ಆದರೆ ಬೀಗದ ಕೈ ಎಲ್ಲಿದೆ ಗೊತ್ತಾ? ಅರ್ಧ ಫೋನಿನ ಚಿಪ್‌ನೊಳಗೆ, ಅರ್ಧ ನಿನ್ನ ಪಿನ್‌ನಲ್ಲಿ. ಕಳ್ಳ ಮೆಮೊರಿಯನ್ನೇ ಕಿತ್ತು ಬೇರೆ ಕಡೆ ಓದಿಸಿದರೂ ತಲೆಬುಡ ಇಲ್ಲದ ಅಕ್ಷರಗಳೇ ಸಿಗುವುದು. ಪಿನ್ ಗೊತ್ತಾದರೆ ಮಾತ್ರ ಫೋನೇ ಎಲ್ಲವನ್ನೂ ಬಿಡಿಸಿ ಕೈಗೆ ಕೊಡುತ್ತದೆ. ಲಾಕೇ ಇಲ್ಲದಿದ್ದರೆ ಕೇಳುವುದೇ ಬೇಡ.

ಅದಕ್ಕೇ ಪಿನ್ 6 ಅಂಕಿಯದ್ದಿರಲಿ. 4 ಅಂಕಿಯಾದರೆ ಊಹಿಸಬೇಕಾದದ್ದು 10,000 ಸಂಖ್ಯೆ, 6 ಆದರೆ 10 ಲಕ್ಷ. ಹುಟ್ಟಿದ ತಾರೀಖು ಬೇಡ ಮಾರಾಯ್ತಿ. ಗೆರೆ ಎಳೆಯುವ ಪ್ಯಾಟರ್ನ್ ನನಗೆ ಹಿಡಿಸುವುದಿಲ್ಲ, ಬೆರಳಿನ ಜಿಡ್ಡೇ ಗಾಜಿನ ಮೇಲೆ ದಾರಿ ತೋರಿಸುತ್ತದೆ. ಬೆರಳಚ್ಚು ಇಟ್ಟುಕೋ, ನಾಲ್ಕು ಜನರೆದುರು ಪಿನ್ ಒತ್ತುವುದು ತಪ್ಪುತ್ತದೆ.

ಫೋನ್ ಆಫ್ ಮಾಡಿ ಆನ್ ಮಾಡಿದಾಗ ಬೆರಳಚ್ಚು ಒಪ್ಪದೆ ಪಿನ್ನೇ ಕೇಳುತ್ತದೆ ಅಲ್ವಾ? ಸುಮ್ನೆ ಕಿರಿಕಿರಿ ಅಂದುಕೊಂಡಿದ್ದೆ. ಆ ಪಿನ್ ಒತ್ತುವವರೆಗೆ ನಿನ್ನ ಫೈಲುಗಳ ಕೀ ಹೊರಗೇ ಬಂದಿರುವುದಿಲ್ಲ. ಆಫ್ ಆಗಿರುವ ಫೋನೇ ಜಾಸ್ತಿ ಗಟ್ಟಿ.

ಇನ್ನು ಮೆಮೊರಿ ಕಾರ್ಡ್. ಸಾಮಾನ್ಯವಾಗಿ ಅದಕ್ಕೆ ಈ ರಕ್ಷಣೆ ಇಲ್ಲ, ತೆಗೆದು ಕಂಪ್ಯೂಟರಿಗೆ ಹಾಕಿದರೆ ಎಲ್ಲಾ ಬಯಲು. ಸಿಮ್ಮೂ ಹಾಗೇ: ಇನ್ನೊಂದು ಫೋನಿಗೆ ಹಾಕಿದರೆ ನಿನ್ನ ಓಟಿಪಿ ಅಲ್ಲಿಗೇ ಹೋಗುತ್ತದೆ. ಸಿಮ್‌ಗೂ ಪಿನ್ ಇಡು. ಆದರೆ ಅದನ್ನು 3 ಸಲ ತಪ್ಪಾಗಿ ಒತ್ತಿದರೆ ಸಿಮ್‌ನ ಬೀಗ ಮತ್ತೆ ತೆಗೆಯುವ ಪಿಯುಕೆ ಅನ್ನುವ ಸಂಖ್ಯೆ ಬೇಕಾಗುತ್ತದೆ, ಮೊದಲೇ ಬರೆದಿಟ್ಟುಕೋ. ಲಾಕ್ ಆದ ಪರದೆಯ ಮೇಲೆ ಮೆಸೇಜು ಕಾಣುವುದನ್ನೂ ನಿಲ್ಲಿಸು.

ಒಂದು ಮಾತು ಮರೆತಿದ್ದೆ. ಪಿನ್ ಮರೆತರೆ ಎನ್‌ಕ್ರಿಪ್ಷನ್ ನಿನ್ನನ್ನೂ ಕಳ್ಳನ ಹಾಗೇ ಹೊರಗೆ ನಿಲ್ಲಿಸುತ್ತದೆ. ಬ್ಯಾಕಪ್ ಇರಲಿ. ಇದ್ದರೆ, ಫೋನ್ ಕಳೆದ ದಿನ ದೂರದಿಂದಲೇ ಎಲ್ಲಾ ಅಳಿಸುವಾಗ ಕೈ ನಡುಗುವುದಿಲ್ಲ.

ನಿಮ್ಮಪ್ಪನ ಫೋನಿಗೂ ಲಾಕ್ ಇಲ್ಲ. ನೀನೇ ಕೂತು ಹಾಕಿಸು, ನಾನು ಹೇಳಿದರೆ ಅವನು ಕೇಳುವುದಿಲ್ಲ.

ನಿನ್ನ ದೊಡ್ಡಪ್ಪ