ಸೀರೆಯ ಕತೆ ಕೊಂಡಿಯಲ್ಲಿದೆ

ಮಾನ್ಯ ಸಂಪಾದಕರೇ,

ಇಳಕಲ್, ಗುಳೇದಗುಡ್ಡದ ಅಂಗಡಿಗಳು ಈಗ ಮೊಬೈಲ್‌ನಲ್ಲೇ ಸೀರೆ, ಖಣ (ರವಿಕೆ ಬಟ್ಟೆ) ಮಾರುತ್ತಿವೆ. ಸಂತೋಷದ ಸಂಗತಿ. ಆದರೆ ಫೋಟೊ ಕೆಳಗಿನ ಬರಹ ಮಾತ್ರ ಎಲ್ಲರದೂ ಒಂದೇ: ‘ಪರಂಪರೆ, ಉತ್ತಮ ಗುಣಮಟ್ಟ, ಯೋಗ್ಯ ಬೆಲೆ’. ಅಂಗಡಿಯ ಹೆಸರು ಬದಲಿಸಿದರೂ ನಡೆಯುವ ಇಂಥ ಸಾಲನ್ನು ಗಿರಾಕಿ ಓದುವುದೇ ಇಲ್ಲ.

ಅಂಗಡಿಯವರೇ, ಹೇಳಲು ಕತೆ ಇಲ್ಲವೆನ್ನಬೇಡಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗಕ್ಕೆ ಹೂಡುವ ಉದ್ದದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುವುದೇ ಕೊಂಡಿ. ಅದಕ್ಕೇ ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ‘ಇಷ್ಟೇಕೆ ದುಡ್ಡು?’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೊಂಡಿ ಕಾಣುವಷ್ಟು ಹತ್ತಿರದಿಂದ, ಕಿಟಕಿ ಬೆಳಕಿನಲ್ಲಿ, ಒಂದು ಫೋಟೊ ತೆಗೆದು ಹಾಕಿ.

ಒಂದು ಬರಹಕ್ಕೆ ಒಂದೇ ವಿಷಯ, 100–150 ಪದ ಸಾಕು. ಮುಂದಿನ ವಾರ ಸೆರಗಿನ ವಿನ್ಯಾಸಗಳಾದ ಹಣಿಗೆ, ಕೋಟಿ ಕಮ್ಮಳಿ. ಆಮೇಲೆ ಅಂಚಿನ ವಿನ್ಯಾಸಗಳಾದ ಗೋಮಿ ದಡಿ, ಚಿಕ್ಕಿ ದಡಿ. ಗಲ್ಲೆಯ ಬಳಿ ಒಂದು ವಹಿ ಇಟ್ಟು, ಗಿರಾಕಿ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಬಣ್ಣ ಬಿಡತೈತೇನ್ರಿ?’ ಎಂಬುದೇ ಚೆಂದದ ತಲೆಬರಹ. ನೇಕಾರರ ಹೆಸರು, ಫೋಟೊ ಹಾಕುವ ಮುನ್ನ ಅವರ ಒಪ್ಪಿಗೆ ಬೇಕೇ ಬೇಕು.

ಕತೆ ಕೆಡುವುದು ಸುಳ್ಳಿನಿಂದ. ಪವರ್‌ಲೂಮ್ ಸೀರೆಗೆ ಕೈಮಗ್ಗದ ಫೋಟೊ ಹಚ್ಚಿದರೆ, ಪಾರ್ಸೆಲ್ ಬಿಚ್ಚಿ ಕೊಂಡಿ ಹುಡುಕಿದವರು ಮತ್ತೆ ಬರುವುದಿಲ್ಲ. ಅದರ ಪೆಟ್ಟು ಪ್ರಾಮಾಣಿಕವಾಗಿ ಮಗ್ಗದ ಕುಣಿಯಲ್ಲಿ ಕೂತ ನೇಕಾರರಿಗೂ ಬೀಳುತ್ತದೆ. ಯಾವುದು ಕೈಮಗ್ಗ, ಯಾವುದು ಪವರ್‌ಲೂಮ್, ನೂಲು ಯಾವುದು ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ.

– ಕೈಮಗ್ಗ ಪ್ರಿಯ ಓದುಗರು, ಬಾಗಲಕೋಟೆ