ಮೊದಲು ಕಾಲು ಕಾಯಲಿ

ಮಾರಾಯಾ,

"ಫ್ಯಾಕ್ಟರಿಯಲ್ಲಿ ನೀನು ಎಂತ ಮಾಡುವುದು?" ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ ಅದು. ಕಿನ್ನಿಗೋಳಿಯಿಂದ ಮುಲ್ಕಿ, ಅಲ್ಲಿಂದ ಮಂಗಳೂರು ಬಸ್ಸು ಹಿಡಿದು ಬೈಕಂಪಾಡಿ. ನಮ್ಮದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡು ಮಾಡುವ ಫ್ಯಾಕ್ಟರಿ. ಒಳಗೆ ಹೋದ ಕೂಡಲೇ ಕೋಟು, ಮಣಿಕಟ್ಟಿಗೊಂದು ಪಟ್ಟಿ. ಪಟ್ಟಿಯ ವಯರು ಅರ್ತಿಂಗಿಗೆ, ಮೈಯಲ್ಲಿ ಸೇರಿದ ಸ್ಟ್ಯಾಟಿಕ್ ಕರೆಂಟು ನೆಲಕ್ಕೆ ಇಳಿಯಲಿ ಅಂತ. ಆ ಸ್ಟ್ಯಾಟಿಕ್ ನಮಗೆ ಚುಳ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕಂತೆ. ಕೆಲವು ಐಸಿಗಳು, ಅಂದರೆ ಬೋರ್ಡಿನ ಎಲೆಕ್ಟ್ರಾನಿಕ್ ಚಿಪ್ಪುಗಳು, 100 ವೋಲ್ಟಿಗೇ ಸಾಯುತ್ತವೆ. ಸತ್ತದ್ದು ನೋಡಿದರೆ ಗೊತ್ತೂ ಆಗುವುದಿಲ್ಲ.

ಸಣ್ಣ ಪಾರ್ಟೆಲ್ಲ ಮಿಷನ್ನೇ ಕೂರಿಸುತ್ತದೆ. ದೊಡ್ಡದನ್ನು ಕೈಯಲ್ಲಿ ಕೂರಿಸಿ ಸೋಲ್ಡರ್ ಮಾಡುವುದು, ಅಂದರೆ ಲೋಹದ ತಂತಿ ಕರಗಿಸಿ ಬೋರ್ಡಿಗೆ ಬೆಸೆಯುವುದು, ನಾನು. ಇದರಲ್ಲಿ ಎಂತ ಉಂಟು ಅಂದುಕೊಂಡಿದ್ದೆ. ಮೂರನೇ ತಿಂಗಳು ನನ್ನದೊಂದು ಬೋರ್ಡು ಟೆಸ್ಟಿಂಗಿನಿಂದ ವಾಪಸ್ ಬಂತು. ಬೆರಳಲ್ಲಿ ಒತ್ತಿದರೆ ಲೈಟು ಹತ್ತುತ್ತದೆ, ಬಿಟ್ಟರೆ ಇಲ್ಲ. ಡ್ರೈ ಸೋಲ್ಡರ್! ಬೆಸುಗೆ ಸರಿ ಹಿಡಿಯಲೇ ಇಲ್ಲ ಅಂತ. ಲೈನಿನ ಅಕ್ಕ ಬೈಯಲಿಲ್ಲ, ಲೆನ್ಸಿನ ಕೆಳಗಿಟ್ಟು ತೋರಿಸಿದರು. ಪಾರ್ಟಿನ ತಂತಿಯಂಥ ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ನಾನು ಸೋಲ್ಡರಿಂಗ್ ಐರನ್ನಿನ ತುದಿಯಲ್ಲೇ ಸೋಲ್ಡರ್ ಕರಗಿಸಿ, ಗೋಡೆಗೆ ಸುಣ್ಣ ಬಳಿದ ಹಾಗೆ ಮೆತ್ತುತ್ತಿದ್ದೆ. "ಮೊದಲು ಕಾಲು, ಪ್ಯಾಡು ಎರಡೂ ಕಾಯಲಿ. ಮತ್ತೆ ಸೋಲ್ಡರ್ ತಂತಿ ಮುಟ್ಟಿಸು, ಅದೇ ಹರಿಯುತ್ತದೆ" ಅಂದರು. ಪ್ಯಾಡು ಅಂದರೆ ಬೋರ್ಡಿನಲ್ಲಿ ಕಾಲು ಕೂರುವ ತಾಮ್ರದ ಚುಕ್ಕೆ. ನಮ್ಮ ಸೋಲ್ಡರ್ 63 ಪಾಲು ತವರ, 37 ಪಾಲು ಸೀಸ. 183 ಡಿಗ್ರಿಗೆ ನೀರಾಗುತ್ತದೆ. ಐರನ್ ಇರುವುದು 350ರಲ್ಲಿ. ಎರಡು-ಮೂರು ಸೆಕೆಂಡು ಅಷ್ಟೆ. ಜಾಸ್ತಿ ಹಿಡಿದರೆ ಪ್ಯಾಡೇ ಎದ್ದು ಬರುತ್ತದೆ.

ಮನೆಯಲ್ಲಿ ಹೇಳಿದರೆ ಅಮ್ಮ ಬೀಡಿ ಕಟ್ಟುತ್ತಲೇ ನಕ್ಕಳು. ಅವಳ ಕಣ್ಣು ಟಿವಿಯಲ್ಲಿ, ಬೆರಳು ಸೂಪಿನಲ್ಲಿ, ಬೀಡಿ ಕಟ್ಟುವ ಮೊರ ಅದು. "ನನ್ನದು ಸುರುವಿಗೆ ಬೀಡಿ ಕೊಡುವ ಬ್ರಾಂಚಿನಲ್ಲಿ ಎಷ್ಟು ಬೀಡಿ ಬಿಸಾಡಿದ್ದಾರೆ ಗೊತ್ತುಂಟಾ?"

ಮಳೆಗಾಲದ್ದು ಬೇರೆಯೇ ಕತೆ. ಚಿಪ್ಪುಗಳನ್ನು ಗಾಳಿಯಾಡದ ಕವರಿನಲ್ಲಿ ಇಡುತ್ತಾರೆ, ಥೇಟ್ ಅಮ್ಮನ ಹಲಸಿನ ಹಪ್ಪಳದ ಡಬ್ಬಿಯ ಹಾಗೆ. ಒಳಗೊಂದು ಕಾರ್ಡು, ನೀಲಿ ಚುಕ್ಕೆ ಗುಲಾಬಿಗೆ ತಿರುಗಿದರೆ ತಂಡಿ ಹಿಡಿದಿದೆ ಅಂತ ಲೆಕ್ಕ. ಆಗ ಓವನ್ನಿನಲ್ಲಿ 125 ಡಿಗ್ರಿಯಲ್ಲಿಟ್ಟು ಒಣಗಿಸಬೇಕು. ಇಲ್ಲದಿದ್ದರೆ ಸೋಲ್ಡರಿನ ಬಿಸಿಗೆ ಒಳಗಿನ ಪಸೆ ಆವಿಯಾಗಿ ಚಿಪ್ಪೇ ಒಡೆಯುತ್ತದೆ. ಜುಲೈಯಲ್ಲಿ ನಮ್ಮ ಚಡ್ಡಿ ಬನಿಯನ್ ಒಣಗುವುದಿಲ್ಲ, ಚಿಪ್ಪಿಗೆ ಮಾತ್ರ ರಾಜೋಪಚಾರ!

ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಸೀಸ ಮುಟ್ಟಿದ ಕೈ ಅಂತ ಸಾಬೂನು ಹಾಕಿ ತೊಳೆಯದೆ ಚಹಾ ಕೂಡ ಕುಡಿಯುವುದಿಲ್ಲ.

ಹಾಂ, ನಿನ್ನ ಅಜ್ಜನ ರೇಡಿಯೋ ಗುಜರಿಗೆ ಹಾಕಬೇಡ. ಎರಡು ಪೆಟ್ಟು ಕೊಟ್ಟರೆ ಮಾತಾಡುತ್ತದೆ ಅಂದಿದ್ದೆಯಲ್ಲ, ಅದರೊಳಗೂ ಯಾವುದೋ ಕಾಲು ಸರಿ ಕಾಯದೆ ಉಳಿದಿರಬೇಕು. ಭಾನುವಾರ ಹಿಡಿದುಕೊಂಡು ಬಾ, ಬಿಚ್ಚಿ ನೋಡುವ.

ನಿನ್ನ ಗೆಳೆಯ