ಅಫ್ರಾಸಿಯಾಬ್ ದಿಬ್ಬಕ್ಕೆ ಹೋಗಿ ಬಂದೆ

ಸಮರ್ಕಂದ್
ಉಜ್ಬೇಕಿಸ್ತಾನ, ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ಅಪ್ಪಾ, ಹೋದ ವಾರ ಫೋನಿನಲ್ಲಿ ಕೇಳಿದಿರಲ್ಲ, ಅಷ್ಟು ಹಳೇ ಊರಲ್ಲಿದ್ದು ಬರೀ ಅನಾಟಮಿ ಪುಸ್ತಕವನ್ನೇ ನೋಡುತ್ತೀಯಾ ಅಂತ. ಇವತ್ತು ಅಫ್ರಾಸಿಯಾಬ್‌ಗೆ ಹೋಗಿದ್ದೆ. ಸಮರ್ಕಂದ್ ಮೊದಲು ಇದ್ದದ್ದು ಅಲ್ಲೇ.

ನೋಡಿದ ಕೂಡಲೇ ಬೇಜಾರಾಯಿತು. ಹೊಸಪೇಟೆಯವಳು ನಾನು, ಹಳೇ ಊರು ಅಂದರೆ ಕಲ್ಲಿನ ಕಂಬ, ಗೋಪುರ ಇರಬೇಕು ಅಂದುಕೊಂಡಿದ್ದೆ. ಇಲ್ಲಿ ಬರೀ ದಿಬ್ಬ, ಒಣಹುಲ್ಲು, ತಗ್ಗು. ಸುಮಾರು 220 ಹೆಕ್ಟೇರ್, ಅಂದರೆ ಐನೂರು ಎಕರೆಗೂ ಜಾಸ್ತಿ! ಇಲ್ಲಿ ಕಟ್ಟಿದ್ದೆಲ್ಲ ಹೆಚ್ಚಾಗಿ ಹಸಿ ಇಟ್ಟಿಗೆಯಲ್ಲಿ. ಮನುಷ್ಯರು ಬಿಟ್ಟು ಹೋದರೆ ಅದು ಮತ್ತೆ ಮಣ್ಣೇ. ಹಂಪಿಯ ಅರಮನೆಗಳದ್ದು ಕಲ್ಲಿನ ಪಾಯವಾದರೂ ಉಳಿದಿದೆ, ಅಲ್ವಾ?

ಕ್ರಿ.ಪೂ. 329ರಲ್ಲಿ ಅಲೆಕ್ಸಾಂಡರ್ ಬಂದಾಗ ಗ್ರೀಕರು ಇದನ್ನು ಮರಕಂದ ಅನ್ನುತ್ತಿದ್ದರು. ಆಮೇಲೆ 1220ರಲ್ಲಿ ಚಂಗೀಸ್ ಖಾನ್ ಬಂದ. ಈ ದಿಬ್ಬದ ಮೇಲಿನ ಊರಿಗೆ ಸೀಸ ಹೊದಿಸಿದ ಕಾಲುವೆಯಲ್ಲಿ ನೀರು ಬರುತ್ತಿತ್ತು. ಅದು ಹಾಳಾಯಿತು. ನೀರಿಲ್ಲದ ಮೇಲೆ ದಿಬ್ಬದ ಮೇಲೆ ಯಾರಿರುತ್ತಾರೆ? ಜನ ದಕ್ಷಿಣಕ್ಕೆ ಇಳಿದರು. ನಮ್ಮ ಹಾಸ್ಟೆಲ್ ಇರುವುದು ಹಾಗೆ ಬೆಳೆದ ಊರಿನಲ್ಲೇ.

ಪಕ್ಕದ ಮ್ಯೂಸಿಯಂಗೆ ಹೋದ ಮೇಲೆ ಬೇಜಾರು ಹೋಯಿತು. 1965ರಲ್ಲಿ ದಿಬ್ಬದಲ್ಲಿ ರಸ್ತೆ ಮಾಡುವಾಗ ಒಂದು ಕೋಣೆ ಸಿಕ್ಕಿತು. ನಾಲ್ಕೂ ಗೋಡೆಗೆ ಚಿತ್ರ, ಏಳನೇ ಶತಮಾನದ್ದು. ಮೇಲಿನ ಅರ್ಧ ಇಲ್ಲ, ಆದರೂ ಆ ನೀಲಿ ಬಣ್ಣ! ಆಗ ಇಲ್ಲಿ ವರ್ಖುಮಾನ್ ಅನ್ನುವ ಸೋಗ್ದಿಯನ್ ರಾಜ. ಸೋಗ್ದಿಯನ್ನರು ಅಂದರೆ ಆ ಕಾಲದಲ್ಲಿ ಈ ಸೀಮೆಯಲ್ಲಿದ್ದ ಜನ. ಚಿತ್ರದಲ್ಲಿ ರೇಷ್ಮೆ ಹಿಡಿದ ಚೀನಾದವರು, ಟೋಪಿಗೆ ಗರಿ ಸಿಕ್ಕಿಸಿಕೊಂಡ ಕೊರಿಯಾದವರು ಬಂದು ನಿಂತಿದ್ದಾರೆ. ಚಗಾನಿಯಾನ್ ಅನ್ನುವ ನೆರೆಯ ರಾಜ್ಯದಿಂದ ಬಂದ ರಾಯಭಾರಿಯ ಮಾತನ್ನು ಒಬ್ಬನ ನಿಲುವಂಗಿಯ ಮೇಲೇ ಬರೆದುಬಿಟ್ಟಿದ್ದಾರೆ. ನನ್ನ ಮೇಲೆ ಅನುಮಾನ ಬೇಡ, ನಿಮ್ಮ ದೇವರೂ ಗೊತ್ತು, ನಿಮ್ಮ ಲಿಪಿಯೂ ಗೊತ್ತು ಅನ್ನುತ್ತಾನೆ. ಪರವೂರಿಗೆ ಬಂದವರೆಲ್ಲ ಮೊದಲು ಹೇಳುವುದು ಇದನ್ನೇ ಇರಬೇಕು. ಮೌಖಿಕ ಪರೀಕ್ಷೆಯ ದಿನ ನಾನೂ ಉಜ್ಬೆಕ್‌ನಲ್ಲಿ ನಾಲ್ಕು ಮಾತು ಕಲಿತು ಹೋಗಿದ್ದೆ.

ಪೂರ್ವದ ಗೋಡೆಯದ್ದು ಭಾರತದ ಚಿತ್ರ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಅದೇ ಜಾಸ್ತಿ ಹಾಳಾಗಿರುವುದು, ನೋಡಿ! ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಅಮ್ಮಾ, ಚಟ್ನಿಪುಡಿ ಮುಗಿಯಿತು. ಇಲ್ಲಿನ ದಪ್ಪ ನಾನ್ ಜೊತೆಗೂ ಅದೇ ತಿಂದೆ.

ಅಪ್ಪಾ, ಹಂಪಿ ಕಡೆ ಹೋದರೆ ಅರಮನೆ ಆವರಣದಲ್ಲಿ ಕಂಬದ ಮೇಲೆ ಹೋಗುವ ಕಲ್ಲಿನ ನೀರುಗಾಲುವೆಯ ಫೋಟೋ ಕಳಿಸಿ. ಜೊತೆಗೆ ಬಂದಿದ್ದ ಉಜ್ಬೆಕ್ ಗೆಳತಿ ನಂಬುತ್ತಿಲ್ಲ.

ನಿಮ್ಮ ಮಗಳು